ಕೊಡದೊಳಗಿನ ಬೆಳ್ಳಿ ನಾಣ್ಯ

“ಅಜ್ಜಯ್ಯಾ, ಉಂಡದ್ದನ್ನು ತೀರಿಸುವುದು ಹೇಗೆ?”

ಕೇಳಿದವನು ಹಾಲಯ್ಯ. ಒಂಬತ್ತು ವರ್ಷ ಗುರುಗಳ ಮಠದಲ್ಲಿದ್ದು, ನಾಳೆ ಬೆಳಿಗ್ಗೆ ತನ್ನ ದಾರಿ ಹಿಡಿಯಬೇಕಾಗಿದ್ದ ಶಿಷ್ಯ. ಎರಡು ದಿನದಿಂದ ಅವನು ಊಟಕ್ಕೆ ಕೂತಿರಲಿಲ್ಲ. ತನ್ನ ತಟ್ಟೆಯನ್ನು ತೊಳೆದು ಗೋಡೆಯ ಬಳಿ ಬೋರಲು ಹಾಕಿದ್ದ. ಒಂಬತ್ತು ವರ್ಷದ ಅನ್ನವೇ ಮೈಮೇಲಿದೆ, ಹೋಗುವ ಹೊತ್ತಿನಲ್ಲಿ ಇನ್ನೆರಡು ತುತ್ತು ಏಕೆ ಸೇರಿಸಲಿ ಎಂಬುದು ಅವನ ವಾದ.

“ಏನು ಕೊಟ್ಟರೆ ಸರಿಹೋಗುತ್ತದೆ, ಅದನ್ನು ಹೇಳಿಬಿಡಿ,” ಎಂದ ಹಾಲಯ್ಯ. “ಎಲ್ಲಾದರೂ ದುಡಿದು ತಂದು ಕೊಡುತ್ತೇನೆ. ಕೊಟ್ಟು, ಕೈ ಮುಗಿದು, ಹಗುರಾಗಿ ಹೋಗುತ್ತೇನೆ.”

“ಹಗುರಾಗಬೇಕು ಅಂತೀಯ.”

“ಹೌದು ಅಜ್ಜಯ್ಯ.”

“ಹಾಗಾದರೆ ಒಬ್ಬ ಅಚ್ಚು ಕೊರೆಯುವವನ ಕತೆ ಇದೆ, ಕೇಳು,” ಎಂದು ಗುರುಗಳು ಕಾಲು ಮಡಿಸಿ ಕೂತರು.

ಒಂದು ಊರಿನಲ್ಲಿ ಒಬ್ಬ ವರ್ತಕ ಮಕ್ಕಳಿಗೆಂದು ಒಂದು ಮನೆ ಕಟ್ಟಿಸಿದ. ಯಾರೂ ಇಲ್ಲದ ಮಕ್ಕಳು ಅಲ್ಲಿ ಉಣ್ಣಬಹುದು, ಮಲಗಬಹುದು, ನಾಲ್ಕಕ್ಷರ ಕಲಿಯಬಹುದು. ಊರಿನವರು ಅದನ್ನು ಮಕ್ಕಳ ಮನೆ ಎಂದೇ ಕರೆದರು.

ಬಂದ ಮಕ್ಕಳಿಗೆ ಒಂದು ಚಾಳಿ ಇತ್ತು. ಹೊಟ್ಟೆ ತುಂಬಿದರೂ ಕಣ್ಣು ಮುಚ್ಚುತ್ತಿರಲಿಲ್ಲ. ಇವತ್ತು ಸಿಕ್ಕಿತು, ನಾಳೆ ಸಿಗುತ್ತದೋ ಇಲ್ಲವೋ ಎಂದು ಅನ್ನದ ಉಂಡೆ ಕಟ್ಟಿ ಚಾಪೆಯ ಕೆಳಗೆ ಬಚ್ಚಿಡುತ್ತಿದ್ದರು. ಇರುವೆ ಮುತ್ತುತ್ತಿತ್ತು. ಬೈದರೂ ಬಿಡಲಿಲ್ಲ, ಮುದ್ದು ಮಾಡಿ ಹೇಳಿದರೂ ಬಿಡಲಿಲ್ಲ. ವರ್ತಕ ಯೋಚಿಸಿ ಯೋಚಿಸಿ ಹಿತ್ತಾಳೆಯ ಬಿಲ್ಲೆಗಳನ್ನು ಮಾಡಿಸಿದ. ದುಂಡನೆಯ ಬಿಲ್ಲೆ, ಮೇಲೆ ಹೆಸರಿಲ್ಲ, ಅಂಕಿಯಿಲ್ಲ. ಒಂದೊಂದು ಮಗುವಿನ ಕೈಗೆ ಒಂದೊಂದನ್ನು ಕೊಟ್ಟು, “ಇದು ನಾಳೆಯ ಊಟ, ಹಿಡಿದುಕೊಂಡು ಮಲಗಿ,” ಎಂದ. ಮಕ್ಕಳು ಮುಷ್ಟಿ ಬಿಗಿದು ಮಲಗಿದರು. ಇರುವೆ ಬರುವುದು ನಿಂತಿತು.

ಬೆಳಿಗ್ಗೆ ಎದ್ದು ಮುಖ ತೊಳೆದವರು ಅಡಿಗೆಮನೆಯ ಹೊಸ್ತಿಲ ಪಕ್ಕದ ತಾಮ್ರದ ಕೊಡದೊಳಗೆ ಬಿಲ್ಲೆ ಹಾಕಬೇಕು. ಅಡಿಗೆಯವಳು ಅದರೊಳಗೆ ಕೈಯಿಟ್ಟು ಎಣಿಸುತ್ತಾಳೆ. ಒಂದು ಬಿಲ್ಲೆಗೆ ಒಂದು ಬೊಗಸೆ ಅಕ್ಕಿ, ಒಂದು ಮುತ್ತುಗದ ಎಲೆ. ಸಂಜೆಗೆ ಬಿಲ್ಲೆಗಳು ಮತ್ತೆ ಮಕ್ಕಳ ಕೈಗೆ. ಇಷ್ಟೇ ವ್ಯವಸ್ಥೆ.

ವರ್ತಕ ಎರಡು ಕಟ್ಟಳೆ ಮಾಡಿದ್ದ. ಕೊಡಕ್ಕೆ ಬಿದ್ದ ಬಿಲ್ಲೆ ಯಾರದು ಎಂದು ಕೇಳಬಾರದು. ಉಣ್ಣುವವನ ಹೆಸರು ಕೇಳಿದರೆ ಅನ್ನ ಗಂಟಲಲ್ಲೇ ನಿಂತುಬಿಡುತ್ತದೆ ಎನ್ನುತ್ತಿದ್ದ ಅವನು. ಇನ್ನೊಂದು ಕಟ್ಟಳೆ ಬಾವಿಯಿಂದ ಬಂದದ್ದು. ಒಮ್ಮೆ ಒಂದು ಮಗು ಬೆಳಿಗ್ಗೆ ಬಿಲ್ಲೆ ಹಾಕಿ ಹಿತ್ತಿಲಿಗೆ ಹೋದದ್ದು ಬಾವಿಗೆ ಬಿದ್ದಿತು. ಉಳಿದವರೆಲ್ಲ ಉಂಡು ಕೈ ತೊಳೆಯಲು ಬಾವಿಯ ಹತ್ತಿರ ಹೋದಾಗಲೇ ಅದು ಗೊತ್ತಾದದ್ದು. ಅಂದಿನಿಂದ, ಹಾಕಿದ ಎಲೆಯ ಮುಂದೆ ಒಂದು ಜಾಗ ಖಾಲಿ ಇದ್ದರೂ ಯಾರೂ ಊಟಕ್ಕೆ ಕೈ ಹಾಕುವಂತಿಲ್ಲ. ಮೊದಲು ಹುಡುಕಬೇಕು. ಸಿಕ್ಕ ಮೇಲೆ ಉಣ್ಣಬೇಕು.

ಆ ಮನೆಯಲ್ಲಿ ಒಬ್ಬ ಹುಡುಗ ಬೆಳೆಯುತ್ತಿದ್ದ. ಅವನ ಕಾಲು ಒಂದು ಕಡೆ ನಿಲ್ಲುವುದಲ್ಲ. ಪಾಠ ನಡೆಯುವಾಗ ಕಿಟಕಿ ನೋಡುತ್ತಿದ್ದ. ಹನ್ನೊಂದನೆಯ ವಯಸ್ಸಿನಲ್ಲಿ ಒಂದು ಬೆಳಿಗ್ಗೆ ಕಲಾಯಿ ಹಾಕುವವನೊಬ್ಬ ಬೀದಿಯಲ್ಲಿ ತಿದಿ ಹೂಡಿ ಕೂತ. ಕರ್ರಗಿದ್ದ ಪಾತ್ರೆ ಒಂದು ಉಜ್ಜಿಗೆ ಬೆಳ್ಳಗಾಯಿತು. ಹುಡುಗ ಬಾಯಿ ಬಿಟ್ಟು ನೋಡಿದ. ಕಲಾಯಿಯವನು ಗಂಟು ಕಟ್ಟಿ ಹೊರಟ. ಹುಡುಗನೂ ಹೊರಟ. ಹೋಗುತ್ತೇನೆ ಎಂದು ಅವನು ಅಂದುಕೊಂಡಿರಲೂ ಇಲ್ಲ. ಮೂರನೆಯ ಊರಿನಲ್ಲಿ ಚಡ್ಡಿಯ ಜೇಬಿಗೆ ಕೈ ಹಾಕಿದಾಗ ಬಿಲ್ಲೆ ಸಿಕ್ಕಿತು. ಆ ಬೆಳಿಗ್ಗೆ ಕೊಡಕ್ಕೆ ಹಾಕುವುದು ಮರೆತಿತ್ತು.

“ಮರೆತದ್ದು ತಾನೆ? ಕದ್ದದ್ದಲ್ಲವಲ್ಲ,” ಎಂದ ಹಾಲಯ್ಯ.

“ಅದು ಅವನಿಗೂ ಗೊತ್ತಾಗಲಿಲ್ಲ,” ಎಂದು ಗುರುಗಳು ಮುಂದುವರಿಸಿದರು.

ಹುಡುಗ ಬಿಲ್ಲೆಯನ್ನು ಅಂಗೈಯಲ್ಲಿಟ್ಟು ನೋಡಿದ. ಹಿಂದೆ ಹೋಗಿ ಕೊಟ್ಟು ಬರೋಣ ಎಂದುಕೊಂಡ. ಕಲಾಯಿಯವನು ಮುಂದೆ ನಡೆಯುತ್ತಿದ್ದ. ಇವತ್ತು ಬೇಡ, ನಾಳೆ ಎಂದುಕೊಂಡ. ನಾಳೆಗಳು ಸೇರಿ ವರ್ಷವಾಯಿತು. ಆಮೇಲೆ ಒಂದು ಯೋಚನೆ ಅವನನ್ನು ಹಿಡಿಯಿತು. ಅರುವತ್ತು ಮಕ್ಕಳು, ಅರುವತ್ತು ಬಿಲ್ಲೆ. ಒಂದು ನನ್ನ ಹತ್ತಿರ ಇದೆ. ನಾನು ಬಿಟ್ಟ ಜಾಗಕ್ಕೆ ಇನ್ನೊಂದು ಮಗು ಬಂದೇ ಬಂದಿರುತ್ತದೆ. ಅದಕ್ಕೆ ಬಿಲ್ಲೆ ಎಲ್ಲಿ? ದಿನಾ ಬೆಳಿಗ್ಗೆ ಆ ಮಗು ಕೊಡದ ಮುಂದೆ ಬರಿಗೈಯಲ್ಲಿ ನಿಂತಿರುತ್ತದೆ.

ಆ ಮಗುವಿನ ಮುಖ ಅವನಿಗೆ ಕಾಣುತ್ತಿರಲಿಲ್ಲ. ಬರಿಗೈ ಮಾತ್ರ ಕಾಣುತ್ತಿತ್ತು.

ಅವನು ಕಲಾಯಿ ಬಿಟ್ಟ, ಬಳೆ ಮಾಡುವವರ ಹತ್ತಿರ ಇದ್ದ, ಅದನ್ನೂ ಬಿಟ್ಟ. ಕೊನೆಗೆ ಮುದ್ರೆ ಮತ್ತು ನಾಣ್ಯದ ಅಚ್ಚು ಕೊರೆಯುವ ಒಬ್ಬ ಮುದುಕನ ಹತ್ತಿರ ಕೈ ಕುದುರಿತು. ಅಚ್ಚಿನ ಕೆಲಸದಲ್ಲಿ ಎಲ್ಲವೂ ತಿರುವುಮುರುವು. ನಾಣ್ಯದಲ್ಲಿ ಉಬ್ಬಿ ನಿಲ್ಲಬೇಕಾದ್ದನ್ನು ಅಚ್ಚಿನಲ್ಲಿ ತಗ್ಗಾಗಿ ತೋಡಬೇಕು. ಎಡಕ್ಕೆ ಬರಬೇಕಾದ್ದನ್ನು ಬಲಕ್ಕೆ ಕೊರೆಯಬೇಕು. ಇವನಿಗೆ ಅದು ಬೇಗ ಹತ್ತಿತು. ಜನ ಇವನನ್ನು ಆಚಾರ್ರೆ ಎಂದು ಕರೆಯತೊಡಗಿದರು. ಮುಖ ಕೊರೆಯುವುದರಲ್ಲಿ ಇವನ ಸಮಕ್ಕೆ ಇನ್ನೊಬ್ಬರಿಲ್ಲ ಎಂಬ ಮಾತು ನಾಲ್ಕು ಊರು ದಾಟಿತು. ಬಿಲ್ಲೆ ಮಾತ್ರ ಅವನ ಸೊಂಟದ ಚೀಲದಲ್ಲೇ ಇತ್ತು. ಕೆಲಸ ಇಲ್ಲದಾಗ ಹೆಬ್ಬೆರಳು ಅದನ್ನು ಉಜ್ಜುತ್ತಾ ಇರುತ್ತಿತ್ತು.

ಹೀಗೆ ಮೂವತ್ತನಾಲ್ಕು ವರ್ಷ ಕಳೆಯಿತು.

ಒಂದು ದಿನ ಒಬ್ಬ ವರ್ತಕ ಅವನ ಅಂಗಡಿಗೆ ಬಂದ. ಮಕ್ಕಳ ಮನೆ ಕಟ್ಟಿಸಿದವನ ಮೊಮ್ಮಗ. ಅಜ್ಜ ತೀರಿಹೋಗಿ ಬಹಳ ಕಾಲವಾಗಿತ್ತು, ಈಗ ಇವನೇ ಯಜಮಾನ.

“ನಮ್ಮ ಮಕ್ಕಳ ಮನೆಗೆ ಐವತ್ತು ವರ್ಷ ತುಂಬ್ತು ಆಚಾರ್ರೆ. ನೆನಪಿಗೆ ಬೆಳ್ಳಿ ನಾಣ್ಯ ಹೊಡೆಸಬೇಕು, ದೊಡ್ಡದಾಗಿ ಇರಲಿ. ಒಂದು ಕಡೆ ನಮ್ಮ ಅಜ್ಜ, ಇನ್ನೊಂದು ಕಡೆ ಮನೆ ಬಾಗಿಲು. ದಾನ ಕೊಟ್ಟೋರಿಗೆಲ್ಲ ಒಂದೊಂದು. ಅಜ್ಜನ ಪಟ ತಂದಿದೀನಿ, ನೋಡಿ.”

ಆಚಾರಿ ಪಟದ ಕಡೆ ನೋಡಲಿಲ್ಲ. ಅವನ ಕೈ ಸೊಂಟದ ಚೀಲಕ್ಕೆ ಹೋಯಿತು. ಇಷ್ಟು ವರ್ಷ ಹೋಗಲಾರದ ದಾರಿ ತಾನಾಗಿ ಅಂಗಡಿಗೆ ಬಂದು ಕೂತಿದೆ.

“ಮಾಡಿಕೊಡ್ತೀನಿ. ಕೂಲಿ ಬೇಡ. ಹೊಡೆದ ನಾಣ್ಯದಲ್ಲಿ ಒಂದು ನನಗೆ ಕೊಡಿ, ಸಾಕು.”

ವರ್ತಕ ಹುಬ್ಬು ಗಂಟಿಕ್ಕಿದ. “ಕೂಲಿ ಬೇಡ ಅನ್ನೋರನ್ನ ಕಂಡರೆ ನನಗೆ ಭಯ ಆಗುತ್ತೆ ಆಚಾರ್ರೆ. ಬೆಳ್ಳಿ ತೂಕ ಸರಿ ಇರುತ್ತೆ ತಾನೆ?”

“ಇರುತ್ತೆ.”

ಆಚಾರಿ ಕಾಗದದ ಮೇಲೆ ನಾಣ್ಯದ ಅಳತೆಗೆ ಒಂದು ಸುತ್ತು ಗೆರೆ ಎಳೆದ. ಅಜ್ಜನ ಮುಖ ಬರೆದ. ಹದಿನೈದು ದಿನ ಕಣ್ಣಿಗೆ ಭೂತಗನ್ನಡಿ ಕಟ್ಟಿ ಉಕ್ಕಿನ ಅಚ್ಚು ಕೊರೆದ. ಮೊದಲ ನಾಣ್ಯ ಹೊಡೆದು ಕೈಗೆ ತೆಗೆದುಕೊಂಡಾಗ ಅವನಿಗೆ ಏನೋ ಗುರುತು ಸಿಕ್ಕಿದಂತಾಯಿತು. ಸೊಂಟದ ಚೀಲದಿಂದ ಬಿಲ್ಲೆ ತೆಗೆದು ನಾಣ್ಯದ ಮೇಲಿಟ್ಟ. ಅಂಚಿಗೆ ಅಂಚು ಕೂತಿತು. ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ. ಅವನು ಅಳೆದಿರಲಿಲ್ಲ. ಕೈ ತಾನಾಗಿ ಆ ಸುತ್ತನ್ನು ಎಳೆದಿತ್ತು.

ನಾಣ್ಯಗಳ ಚೀಲ ಹೊತ್ತು ಅವನೇ ಊರಿಗೆ ಹೋದ. ವರ್ತಕ ಒಂದನ್ನು ಬೆಳಕಿಗೆ ಹಿಡಿದು ತಿರುಗಿಸಿದ.

“ಇದೇನ್ರಿ, ಅಂಗಿ ಗುಂಡಿ ಇದ್ದಂಗಿದೆ! ದೊಡ್ಡದಾಗಿ ಇರಲಿ ಅಂದಿದ್ನಲ್ಲ. ಮತ್ತೆ ನಮ್ಮ ಅಜ್ಜಂಗೆ ಇಷ್ಟು ದೊಡ್ಡ ಗದ್ದ ಎಲ್ಲಿತ್ತು? ಪಟದಲ್ಲಿ ಹೀಗಿಲ್ಲ.”

ಆಚಾರಿಗೂ ಅರ್ಥವಾಗಲಿಲ್ಲ. ಅವನು ಕೊರೆದದ್ದು ನೆನಪಿನಲ್ಲಿದ್ದ ಮುಖ. ಆ ಮನೆಗೆ ಬಂದಾಗ ಅವನು ಅಜ್ಜನ ಮೊಣಕಾಲಿನಷ್ಟು ಎತ್ತರವಿದ್ದ. ಕೆಳಗಿನಿಂದ ನೋಡಿದವನಿಗೆ ಗದ್ದವೇ ಮೊದಲು ಕಾಣುವುದು. ಇದು ಅವನಿಗೆ ತುಂಬ ಹೊತ್ತಾದ ಮೇಲೆ ಹೊಳೆಯಿತು. ಆಗ ಹೇಳಲು ವರ್ತಕ ಅಲ್ಲಿರಲಿಲ್ಲ. ಅತಿಥಿಗಳಿಗೆ ಕುರ್ಚಿ ಹಾಕಿಸಲು ಓಡಿದ್ದ. ಒಪ್ಪಿದ ಮಾತಿನಂತೆ ಒಂದು ನಾಣ್ಯವನ್ನು ಆಚಾರಿಯ ಕೈಯಲ್ಲಿ ಬಿಟ್ಟು ಹೋಗಿದ್ದ.

ಮರುದಿನ ಸಮಾರಂಭ. ಆಚಾರಿ ಬೆಳಿಗ್ಗೆಯೇ ಅಡಿಗೆಮನೆಯ ಕಡೆ ಹೋದ. ಹೊಸ್ತಿಲ ಪಕ್ಕದಲ್ಲಿ ಅದೇ ಕೊಡ. ಮಕ್ಕಳು ಒಬ್ಬೊಬ್ಬರಾಗಿ ಬಂದು ಬಿಲ್ಲೆ ಹಾಕಿ ಓಡುತ್ತಿದ್ದರು. ಟಣ್ ಎಂಬ ಸದ್ದು ಕೂಡ ಅದೇ. ಎಲ್ಲರೂ ಹೋದ ಮೇಲೆ ಅವನು ಕೊಡದ ಮುಂದೆ ನಿಂತ. ಒಂದು ಕೈಯಲ್ಲಿ ಹಿತ್ತಾಳೆ, ಒಂದು ಕೈಯಲ್ಲಿ ಬೆಳ್ಳಿ. ಯಾವುದನ್ನು ಹಾಕುವುದು? ಹಿತ್ತಾಳೆ ಹಾಕಿದರೆ ತೆಗೆದುಕೊಂಡು ಹೋದದ್ದನ್ನು ಇಟ್ಟಂತಾಯಿತು, ಅಷ್ಟೆ. ಬರಿಗೈಯಲ್ಲಿ ನಿಂತ ಮಗುವಿಗೆ ಮೂವತ್ತನಾಲ್ಕು ವರ್ಷಕ್ಕೆ ಏನು ಕೊಟ್ಟಂತಾಯಿತು? ಬೆಳ್ಳಿಯೇ ಸರಿ. ಅದು ತನ್ನ ಕೈಯಾರೆ ಕೊರೆದದ್ದು, ಕೂಲಿ ಬಿಟ್ಟು ಪಡೆದದ್ದು. ಹಿತ್ತಾಳೆಯದನ್ನು ಊಟವಾದ ಮೇಲೆ ಅಡಿಗೆಯವಳ ಕೈಗೇ ಕೊಟ್ಟು, ತಪ್ಪಾಯಿತು ಎಂದುಬಿಡೋಣ. ಹೀಗೆಂದುಕೊಂಡು ಬೆಳ್ಳಿ ನಾಣ್ಯವನ್ನು ಕೊಡಕ್ಕೆ ಬಿಟ್ಟ.

ಎದೆಯ ಭಾರ ಇಳಿಯುತ್ತದೆ ಎಂದುಕೊಂಡು ಒಂದು ಗಳಿಗೆ ಕಾದ. ಇಳಿಯಿತೋ ಇಲ್ಲವೋ ತಿಳಿಯಲಿಲ್ಲ. ಅಷ್ಟರಲ್ಲಿ ವೇದಿಕೆಗೆ ಕರೆ ಬಂತು.

ಭಾಷಣಗಳಾದವು. ದಾನಿಗಳಿಗೆ ಮಖಮಲ್ಲಿನ ಡಬ್ಬಿಯಲ್ಲಿ ನಾಣ್ಯ ಕೊಟ್ಟರು. ಆಚಾರಿಗೆ ಶಾಲು ಹೊದಿಸಿದರು. ಮಕ್ಕಳು ಬಿಸಿಲಿನಲ್ಲಿ ಸಾಲಾಗಿ ನಿಂತು ಹಾಡು ಹೇಳಿದರು, ಅರ್ಧಕ್ಕೇ ಅವರ ಕಣ್ಣು ಅಡಿಗೆಮನೆಯ ಹೊಗೆಯ ಕಡೆ ಹೋಯಿತು. “ಈಗ ಎಲ್ಲರೂ ಬನ್ನಿ, ನಮ್ಮ ಮಕ್ಕಳು ಊಟ ಮಾಡೋದನ್ನ ನೋಡೋರಂತೆ,” ಎಂದು ವರ್ತಕ ಅತಿಥಿಗಳನ್ನು ಊಟದ ಸಾಲೆಗೆ ಕರೆದೊಯ್ದ.

ಮಕ್ಕಳು ಕೂತರು. ಅನ್ನ ಬಡಿಸಿದರು, ಸಾರು ಬಡಿಸಿದರು, ಹಬ್ಬವೆಂದು ಒಂದೊಂದು ಹೋಳಿಗೆ ಹಾಕಿದರು. ಯಾರೂ ಕೈ ಹಾಕಲಿಲ್ಲ.

“ಊಟ ಮಾಡ್ರಪ್ಪ,” ಎಂದ ವರ್ತಕ.

ಮಕ್ಕಳು ಸಾಲಿನ ತುದಿಯನ್ನು ನೋಡುತ್ತಿದ್ದರು. ಅಲ್ಲಿ ಬಡಿಸಿದ ಒಂದು ಎಲೆಯ ಮುಂದೆ ಯಾರೂ ಇರಲಿಲ್ಲ.

ಒಂದು ದೊಡ್ಡ ಹುಡುಗಿ ಎದ್ದು ತಲೆ ಎಣಿಸಿದಳು. ಅರುವತ್ತು. ಇನ್ನೊಬ್ಬ ಎಣಿಸಿದ. ಅರುವತ್ತೇ. ಎಲೆ ಎಣಿಸಿದರು. ಅರುವತ್ತೊಂದು. ಎಲ್ಲರೂ ಇದ್ದಾರೆ, ಆದರೂ ಒಬ್ಬ ಇಲ್ಲ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ಯಾರು ಇಲ್ಲ? ಯಾರೆಂದು ಗೊತ್ತಿಲ್ಲದಿದ್ದರೂ ಕಟ್ಟಳೆ ಕಟ್ಟಳೆಯೇ. ದೊಡ್ಡವರು ನಾಲ್ಕು ಜನ ಬಾವಿಯ ಕಡೆ ಓಡಿದರು. ಇನ್ನು ಕೆಲವರು ದನದ ಕೊಟ್ಟಿಗೆಗೆ, ಅಟ್ಟಕ್ಕೆ, ಬೇಲಿಯ ಆಚೆಗೆ. “ಏ, ಎಲ್ಲಿದ್ದೀಯೋ? ಊಟಕ್ಕೆ ಬಾರೋ!” ಎಂದು ಹೆಸರಿಲ್ಲದವನನ್ನು ಕೂಗುತ್ತಿದ್ದರು.

ಆಚಾರಿ ಕಂಬದ ಮರೆಯಲ್ಲಿ ನಿಂತಿದ್ದ. ಅವನು ಓಡಿಹೋದ ದಿನ ಬಿಲ್ಲೆ ಕೊಡಕ್ಕೆ ಬಿದ್ದಿರಲಿಲ್ಲ. ಎಲೆಯೂ ಬಿದ್ದಿರಲಿಲ್ಲ. ಆದ್ದರಿಂದ ಸಂಜೆಯವರೆಗೆ ಅವನನ್ನು ಯಾರೂ ಹುಡುಕಿರಲಿಲ್ಲ. ಈಗ ಹುಡುಕುತ್ತಿದ್ದಾರೆ. ಅವನ ಕಾಲು ನೆಲಕ್ಕೆ ಅಂಟಿದಂತಾಗಿತ್ತು.

ಅತಿಥಿಗಳು ಪಿಸುಗುಟ್ಟತೊಡಗಿದರು. ವರ್ತಕ ಬೆವೆತು ಅಡಿಗೆಯವಳನ್ನು ಕರೆದ. ಮುದುಕಿ, ಕಣ್ಣಿಗೆ ಪೊರೆ ಬಂದಿತ್ತು. ಗೋಡೆ ಹಿಡಿದುಕೊಂಡು ಬಂದಳು.

“ಏನಜ್ಜಿ ಇದು? ಒಂದು ಎಲೆ ಹೆಚ್ಚಿಗೆ ಹಾಕಿದೀಯ. ತೆಗಿ ಅದನ್ನ.”

“ಬಿಲ್ಲೆ ಬಿದ್ದದೆ ಯಜಮಾನ್ರೆ. ಎಲೆ ತೆಗೆಯಕ್ಕೆ ಬರಲ್ಲ.”

“ನಿನಗೆ ಕಣ್ಣು ಕಾಣಲ್ಲ, ಎಣಿಸಿದ್ದು ತಪ್ಪಿರುತ್ತೆ.”

“ನಾನು ಯಾವತ್ತು ಕಣ್ಣಲ್ಲಿ ಎಣಿಸಿದೀನಿ? ಬೆರಳಲ್ಲಿ ಎಣಿಸೋದು. ಬೇಕಾದ್ರೆ ಸುರಿದು ನೋಡಿ.”

ಕೊಡ ತಂದು ಸುರಿದರು. ಹಿತ್ತಾಳೆಯ ನಡುವೆ ಬೆಳ್ಳಿ ಹೊಳೆಯಿತು. ದೊಡ್ಡ ಗದ್ದದ ಅಜ್ಜ ಮೇಲುಮುಖವಾಗಿ ಬಿದ್ದಿದ್ದ.

ವರ್ತಕನಿಗೆ ತಲೆ ಕೆಟ್ಟಂತಾಯಿತು. “ಇದ್ಯಾರದು? ನಮ್ಮ ಅಜ್ಜನನ್ನ ಕೊಡದೊಳಗೆ ಹಾಕಿದೋರು ಯಾರು?”

“ಯಾರದು ಅಂತ ಕೇಳಬಾರದು ಯಜಮಾನ್ರೆ,” ಎಂದಳು ಮುದುಕಿ. “ನಿಮ್ಮ ಅಜ್ಜಾರೇ ಹೇಳಿದ ಮಾತು ಅದು.”

ವರ್ತಕ ಇಕ್ಕಟ್ಟಿಗೆ ಸಿಕ್ಕಿದ. ಅಜ್ಜನ ಮರ್ಯಾದೆ ಉಳಿಸಬೇಕೆಂದರೆ ಅಜ್ಜನ ಮಾತು ಮುರಿಯಬೇಕು. ಅಜ್ಜನ ಮಾತು ಉಳಿಸಬೇಕೆಂದರೆ ಅಜ್ಜನನ್ನು ಕೊಡದೊಳಗೇ ಬಿಡಬೇಕು. ಅವನು ನಾಣ್ಯ ನೋಡಿದ, ಮುದುಕಿಯನ್ನು ನೋಡಿದ, ಮತ್ತೆ ನಾಣ್ಯ ನೋಡಿದ. ಅನ್ನ ಆರುತ್ತಿತ್ತು. ಎಲ್ಲರಿಗಿಂತ ಚಿಕ್ಕ ಮಗು ಹೋಳಿಗೆಯನ್ನೇ ನೋಡುತ್ತ ಸದ್ದಿಲ್ಲದೆ ಅಳುತ್ತಿತ್ತು. ಕೈ ಮಾತ್ರ ತೊಡೆಯ ಮೇಲೆಯೇ ಇಟ್ಟುಕೊಂಡಿತ್ತು.

ಆಚಾರಿ ಆ ಕೈಯನ್ನು ನೋಡಿದ. ಬರಿಗೈ. ಇಷ್ಟು ವರ್ಷ ತನ್ನ ಕಣ್ಣ ಮುಂದಿದ್ದ ಕೈ ಅದೇ. ಅದನ್ನು ತುಂಬಬೇಕೆಂದು ಬೆಳ್ಳಿ ತಂದ, ಈಗ ಆ ಬೆಳ್ಳಿಯೇ ಅದನ್ನು ಹಿಡಿದು ನಿಲ್ಲಿಸಿದೆ. ಅವನು ಕಂಬದ ಮರೆಯಿಂದ ಈಚೆ ಬಂದ. ಶಾಲು ಹೊದ್ದುಕೊಂಡೇ, ನಲವತ್ತೈದು ವರ್ಷದವನು, ಸಾಲಿನ ತುದಿಯ ಎಲೆಯ ಮುಂದೆ ನೆಲದ ಮೇಲೆ ಕೂತ.

“ನಂದು,” ಎಂದ.

“ಆಚಾರ್ರೆ, ನೀವಾ?” ಎಂದ ವರ್ತಕ. “ನಿಮಗೆ ಮೇಲೆ ಕುರ್ಚಿ ಹಾಕಿತ್ತಲ್ರಿ! ಅಷ್ಟು ಹಸಿವಾಗಿದ್ರೆ ಒಂದು ಮಾತು ಹೇಳಬಾರದಿತ್ತಾ?”

ಹುಡುಕಲು ಹೋದ ಮಕ್ಕಳೆಲ್ಲ ಏದುಸಿರು ಬಿಡುತ್ತ ಬಂದು ಕೂತರು. ಪಕ್ಕದ ಎಲೆಯ ಹುಡುಗಿ ಅವನನ್ನು ಮೇಲಿಂದ ಕೆಳಗಿನ ತನಕ ನೋಡಿ ಗದರಿದಳು.

“ಎಲ್ಲೋಗಿದ್ರಿ? ಎಷ್ಟು ಹುಡುಕೋದು ನಿಮ್ಮನ್ನ!”

ಆಚಾರಿ ತುತ್ತು ಕಲಸಿ ಬಾಯಿಗಿಟ್ಟ. ಆ ಕ್ಷಣ ಅರುವತ್ತು ಕೈಗಳು ಅನ್ನಕ್ಕೆ ಇಳಿದವು. ತೀರಿಸಲು ಬಂದವನು ಮತ್ತೊಮ್ಮೆ ಉಂಡಿದ್ದ.

ಊಟವಾಗಿ ಅತಿಥಿಗಳು ಹೋದ ಮೇಲೆ ಅವನು ಅಡಿಗೆಮನೆಗೆ ಹೋದ. ಮುದುಕಿಯ ಮುಂದೆ ಕೂತು, ಹಿತ್ತಾಳೆಯ ಬಿಲ್ಲೆಯನ್ನು ಅವಳ ಅಂಗೈಯಲ್ಲಿಟ್ಟ. ಅವಳು ಹೆಬ್ಬೆರಳಿನಿಂದ ಸವರಿ ನೋಡಿದಳು.

“ಇದು ನಮ್ಮದೇ. ಆದ್ರೆ ತುಂಬ ಸವೆದದೆ. ಯಾರೋ ದಿನಾ ಉಜ್ಜಿದಾರೆ.” ಮತ್ತೊಮ್ಮೆ ಸವರಿದಳು. “ಕಲಾಯಿಯೋನ ಹಿಂದೆ ಹೋದೋನಾ ನೀನು?”

“ಹೌದವ್ವ. ನನ್ನಿಂದ ಒಂದು ಬಿಲ್ಲೆ ಕಮ್ಮಿ ಆಯ್ತು. ಆ ಮಗು ಯಾವುದವ್ವ? ದಿನಾ ಬರಿಗೈಯಲ್ಲಿ ನಿಂತದ್ದು?”

“ಯಾವ ಮಗು?”

“ನನ್ನ ಬಿಲ್ಲೆ ಇಲ್ಲದೆ ಉಪವಾಸ ಇದ್ದದ್ದು.”

ಮುದುಕಿ ನಕ್ಕಳು. “ಹುಚ್ಚಪ್ಪಾ, ಮಾರನೇ ದಿನವೇ ಹೊಸ ಬಿಲ್ಲೆ ಮಾಡಿಸಿದ್ರು. ಯಾರೂ ಬರಿಗೈಯಲ್ಲಿ ನಿಂತಿಲ್ಲ. ಇನ್ನೊಂದು ಮಾತು ಕೇಳು. ನೀನು ಹೋದ ದಿನ ಸಾಯಂಕಾಲ ದೊಡ್ಡ ಯಜಮಾನ್ರು ಇಲ್ಲಿಗೆ ಬಂದ್ರು. ‘ಒಂದು ಮಗು ನಾಳೆ ಊಟವ ಕೈಯಾಗೆ ಹಿಡ್ಕೊಂಡು ಹೋಗ್ಯದೆ. ಯಾವತ್ತು ಹಸ್ಕೊಂಡು ಬರುತ್ತೋ. ದಿನಾ ಅದರ ಹೆಸರಲ್ಲಿ ಒಂದು ಬೊಗಸೆ ಹೆಚ್ಚಿಗೆ ಹಾಕು,’ ಅಂದ್ರು. ಆವತ್ತಿಂದ ಹಾಕ್ತಾ ಇದೀನಿ. ನಿನ್ನ ಎಲೆ ಸಾಲಿನಲ್ಲಿ ಇಡಲ್ಲ, ಒಲೆ ಪಕ್ಕ ಇಡ್ತೀನಿ. ಎಲ್ಲರ ಊಟ ಆಗೋ ತನಕ ಕಾಯ್ತೀನಿ. ನೀನು ಬರಲ್ಲ. ಅನ್ನ ಚೆಲ್ಲಕ್ಕಾಗುತ್ತಾ? ಹಿಂಬಾಗಿಲಿಗೆ ಯಾರು ಬಂದಿರ್ತಾರೋ ಅವರಿಗೆ ಕೊಡ್ತೀನಿ. ದಿನಾ ಯಾರೋ ಒಬ್ಬರು ಬಂದೇ ಬರ್ತಾರೆ.”

ಆಚಾರಿ ಗರ ಬಡಿದವನಂತೆ ಕೂತ. ಹೊತ್ತುಕೊಂಡು ಹೋದ ಬಿಲ್ಲೆ ಮೂವತ್ತನಾಲ್ಕು ವರ್ಷ ದಿನಕ್ಕೊಬ್ಬರಿಗೆ ಅನ್ನ ಹಾಕಿದೆ. ತಂದುಕೊಟ್ಟ ಬೆಳ್ಳಿ ಅರುವತ್ತು ಮಕ್ಕಳನ್ನು ಅನ್ನದ ಮುಂದೆ ಕಾಯಿಸಿದೆ. ತಗ್ಗು ಎಂದುಕೊಂಡದ್ದು ಉಬ್ಬಾಗಿತ್ತು, ಉಬ್ಬು ಎಂದುಕೊಂಡದ್ದು ತಗ್ಗು. ಜೀವಮಾನವಿಡೀ ಅಚ್ಚು ಕೊರೆದವನಿಗೆ ಯಾವುದು ಅಚ್ಚು, ಯಾವುದು ನಾಣ್ಯ ಎಂಬುದೇ ತಿಳಿಯದಾಯಿತು.

ಮುದುಕಿ ಬಿಲ್ಲೆಯನ್ನು ಅಂಗೈಯಲ್ಲಿಟ್ಟುಕೊಂಡು ಅವನ ಮುಂದೆ ಚಾಚಿದಳು.

“ಈಗ ನೀನು ಬಂದಾಯ್ತು. ನಿನ್ನ ಎಲೆಯಲ್ಲಿ ಉಂಡೂ ಆಯ್ತು. ಈ ಬಿಲ್ಲೆ ನನಗೆ ಕೊಟ್ಟರೆ ನಿನ್ನ ಹೆಸರಿನ ಅಕ್ಕಿ ನಾಳೆಯಿಂದ ಹಾಕೋ ಹಂಗಿಲ್ಲ. ಕಟ್ಟಳೆ ನೋಡು. ಕೊಡ್ತೀಯೋ, ಇಟ್ಕೋತೀಯೋ? ನೀನೇ ಹೇಳು.”

ಅವನು ಹಿಂಬಾಗಿಲ ಕಡೆ ನೋಡಿದ. ಧೂಳು ಕಾಲಿನ ಒಬ್ಬ ದಾರಿಹೋಕ ಮೆಟ್ಟಿಲ ಮೇಲೆ ಕೂತಿದ್ದ. ಅವನಿಗೆ ಒಳಗೆ ನಡೆಯುತ್ತಿದ್ದ ಮಾತು ಗೊತ್ತಿರಲಿಲ್ಲ. ಅವನ ಕಣ್ಣು ಒಲೆಯ ಪಕ್ಕದ ಎಲೆಯ ಮೇಲಿತ್ತು.

ಕೊಟ್ಟರೆ ಆಚಾರಿ ಹಗುರಾಗುತ್ತಾನೆ. ಅದಕ್ಕೆಂದೇ ಅಷ್ಟು ದೂರದಿಂದ ಬಂದಿದ್ದ. ಅವನು ಬಿಲ್ಲೆಯ ಕಡೆ ಕೈ ಚಾಚಿದ, ಹಿಂದೆಗೆದ. ಮತ್ತೆ ಚಾಚಿದ. ಕೊನೆಗೆ ಬಿಲ್ಲೆ ಎತ್ತಿಕೊಂಡು ಮುಷ್ಟಿ ಬಿಗಿದ. ಮುದುಕಿ ಒಲೆಯ ಪಕ್ಕದ ಎಲೆಯನ್ನು ಎತ್ತಿ ಹಿಂಬಾಗಿಲಿಗೆ ಕೊಂಡುಹೋದಳು.

ಆಚಾರಿಯೂ ಆ ಬಾಗಿಲಿನಿಂದಲೇ ಹೊರಬಂದ. ಹೋಗಲು ಮನಸ್ಸಾಗಲಿಲ್ಲ, ಇರಲು ಮನಸ್ಸಾಗಲಿಲ್ಲ. ದಾರಿಹೋಕನ ಪಕ್ಕದಲ್ಲಿ ಮೆಟ್ಟಿಲ ಮೇಲೆ ಕೂತ. ಕಲಾಯಿಯವನಿಂದ ಹಿಡಿದು ಬೆಳ್ಳಿ ನಾಣ್ಯದವರೆಗೆ ಎಲ್ಲವನ್ನೂ ಅವನಿಗೆ ಹೇಳಿದ. ಹೇಳಿ, ಮುಷ್ಟಿ ಬಿಚ್ಚಿ ಬಿಲ್ಲೆ ತೋರಿಸಿದ. “ನೀವೇ ಹೇಳಿ ಸ್ವಾಮಿ, ನನ್ನ ಋಣ ತೀರಿತೋ, ಇನ್ನೂ ಇದೆಯೋ?” ಎಂದು ಕೇಳಿದ.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು. ಮಠದ ಅಡಿಗೆಮನೆಯಲ್ಲಿ ಸೌಟಿನ ಸದ್ದಾಗುತ್ತಿತ್ತು. ಹಾಲಯ್ಯ ಕತೆ ಮುಂದುವರಿಯುವುದೆಂದು ಕಾದ. ಗುರುಗಳು ಸುಮ್ಮನೆ ಗೋಡೆಯ ಬಳಿ ಬೋರಲು ಬಿದ್ದಿದ್ದ ತಟ್ಟೆಯನ್ನು ನೋಡುತ್ತಿದ್ದರು.

“ಅಜ್ಜಯ್ಯಾ, ಅದಕ್ಕೆ ಆ ದಾರಿಹೋಕ ಏನು ಹೇಳಿದ? ತೀರಿತು ಅಂದನೋ, ಇಲ್ಲ ಅಂದನೋ?”

“ಏನೂ ಹೇಳಲಿಲ್ಲಪ್ಪ, ನನ್ನ ಬಾಯಿ ತುಂಬ ಅನ್ನವಿತ್ತು.”